ಚಪ್ಪಲಿ ಹಾಕಿದ ಮೇಜು

ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನಲ್ಲಿ ನನ್ನದೊಂದು ಜೊತೆ ಹಳೆಯ ಚಪ್ಪಲಿ ಇದೆ. ಎಡಗಾಲಿನದರ ಉಂಗುಟವನ್ನು ಎರಡು ಸಲ ಹೊಲಿಸಿದ್ದಾಗಿದೆ. ಬಲಗಾಲಿನದು ಹಿಮ್ಮಡಿಯ ಹತ್ತಿರ ಸವೆದು ನೆಲ ಕಾಣುತ್ತದೆ. ಅದನ್ನು ಹಾಕಿಕೊಂಡು ನಾನು ಎಲ್ಲಿಗೂ ಹೋಗುವುದಿಲ್ಲ, ಎಸೆಯುವುದಕ್ಕೂ ನನಗೆ ಅಧಿಕಾರವಿಲ್ಲ. ಬ್ಯಾಂಕಿನಲ್ಲಿ ನಾನೊಂದು ಸಹಿ ಹಾಕಿದರೆ ಮುರಿದ ಕುರ್ಚಿ, ಕೆಟ್ಟ ಫ್ಯಾನು, ಮುದಿ ಕಂಪ್ಯೂಟರು ಎಲ್ಲ ಗುಜರಿಗೆ ಹೊರಡುತ್ತವೆ. ಈ ಚಪ್ಪಲಿಯ ವಿಷಯದಲ್ಲಿ ಮಾತ್ರ ಕೊನೆಯ ಮಾತು ಐದೂವರೆ ವರ್ಷದ ನನ್ನ ಮಗಳು ಗಂಗಾಳದು. ಮೊನ್ನೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಸುನಂದಾ ಅದನ್ನು ಎತ್ತಿ ಕಸದ ಬಕೀಟಿನ ತನಕ ಒಯ್ದವಳು, ಏನೋ ನೆನಪಾಗಿ, ಎರಡನ್ನೂ ಒರೆಸಿ ತಂದು ಅದೇ ಜಾಗದಲ್ಲಿ ಇಟ್ಟಳು. ಅದನ್ನು ನೋಡುತ್ತಿದ್ದಂತೆ ಚಿತ್ರಕಲಾ ಶಿಕ್ಷಕನಾಗಿ ನಾನು ಕಳೆದ ಮೊದಲ ವರ್ಷ ನೆನಪಾಯಿತು.

ನಗಬೇಡಿ. ನಾನೂ ಶಿಕ್ಷಕನೇ. ನಮ್ಮದು ಇಬ್ಬರು ಮಕ್ಕಳ, ಇಬ್ಬರು ಶಿಕ್ಷಕರ, ಒಂದು ಊಟದ ಮೇಜಿನ ಶಾಲೆ. ಊಟದ ಮೇಜು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಶಾಲೆ, ಆಮೇಲೆ ಮತ್ತೆ ಊಟದ ಮೇಜು.

ಈ ಶಾಲೆ ಹುಟ್ಟಿದ್ದು ನನ್ನ ವರ್ಗಾವಣೆಗಳಿಂದ. ಮಗ ವೀರೇಶ ಬೀದರಿನಲ್ಲಿ ಕನ್ನಡದಲ್ಲಿ ಅತ್ತ, ಹೈದರಾಬಾದಿನಲ್ಲಿ ತೆಲುಗಿನಲ್ಲಿ ಅತ್ತ, ಕೊಚ್ಚಿಗೆ ಬಂದ ಮೇಲೆ ಅಳುವುದನ್ನೂ ಬಿಟ್ಟ. ನಾಲ್ಕು ತಿಂಗಳು ತರಗತಿಯಲ್ಲಿ ಒಂದೇ ಒಂದು ಮಾತು ಆಡಲಿಲ್ಲ. ಹುಡುಗನಿಗೆ ಮಾತು ಬರುತ್ತದೆಯೇ ಎಂದು ಶಾಲೆಯವರು ನಮ್ಮನ್ನು ಕರೆದು ಕೇಳಿದರು. ಮನೆಗೆ ಬಂದು ನಾವು ಅವನನ್ನು ಕೇಳಿದರೆ, ಯಾವುದರಲ್ಲಿ ಮಾತಾಡಬೇಕು ಅಂತ ಗೊತ್ತಾಗಲಿಲ್ಲ, ಗೊತ್ತಾಗುವ ತನಕ ಕಾಯುತ್ತಿದ್ದೆ ಅಂದ. ಸುನಂದಾ ಮದುವೆಗೆ ಮುಂಚೆ ಸಿಂದಗಿಯಲ್ಲಿ ಗಣಿತದ ಟೀಚರ್ ಆಗಿದ್ದವಳು. ಮರುದಿನವೇ ಒಂದು ಹಾಜರಿ ಪುಸ್ತಕ ಕೊಂಡು ತಂದಳು.

ನಿಮಗೆ ಮನೆಶಾಲೆ ಎಂದರೆ ಮಕ್ಕಳು ಚಡ್ಡಿಯಲ್ಲಿ ಓಡಾಡಿಕೊಂಡು ಚಿಟ್ಟೆ ನೋಡುತ್ತ ಕಲಿಯುವ ಚಿತ್ರ ಕಣ್ಣಿಗೆ ಬರಬಹುದು. ನನಗೂ ಬಂದಿತ್ತು. ಸುನಂದಾಳ ಶಾಲೆಯಲ್ಲಿ ಸಮವಸ್ತ್ರ ಒಂದನ್ನು ಬಿಟ್ಟು ಉಳಿದೆಲ್ಲ ಇತ್ತು. ಎದುರಿಗೆ ಕೂತ ಇಬ್ಬರದೇ ಹಾಜರಿ ಕರೆಯುತ್ತಿದ್ದಳು. ಅವರು ಎದ್ದು ನಿಂತು ಹಾಜರ್ ಅನ್ನಬೇಕು. ಪಾಠದ ಮಧ್ಯೆ ಗಂಗಾ ಮರೆತು ಅವ್ವಾ ಎಂದರೆ, ಅವ್ವ ಹನ್ನೆರಡೂವರೆಗೆ ಬರುತ್ತಾಳೆ, ಈಗ ಟೀಚರ್ ಇದ್ದಾರೆ ಎಂಬ ಉತ್ತರ. ಪಾಪ, ಕೂಸು ಹನ್ನೆರಡೂವರೆಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಅವ್ವ ಬಂದಳಾ ಎಂದು ಇಣುಕಿ ನೋಡುತ್ತಿತ್ತು.

ಗಂಟೆ ಬೇಕಲ್ಲ, ಅದಕ್ಕೆ ದೇವರ ಜಗುಲಿಯ ಗಂಟೆಯೇ ಬಳಕೆಯಾಯಿತು. ಅದರಿಂದ ಎರಡು ಪರಿಣಾಮಗಳಾದವು. ಒಂದು, ಮಕ್ಕಳು ಗಣಿತದ ಪಿರಿಯಡ್ ಶುರುವಾದಾಗಲೆಲ್ಲ ಕೈ ಮುಗಿಯತೊಡಗಿದರು. ಎರಡು, ಎದುರು ಫ್ಲ್ಯಾಟಿನ ಓಮನ ಚೇಚ್ಚಿ, ಅಂದರೆ ಓಮನ ಅಕ್ಕ, ನಾವು ದಿನಕ್ಕೆ ಆರು ಪೂಜೆ ಮಾಡುವ ಮಹಾ ದೈವಭಕ್ತರೆಂದು ನಂಬಿಬಿಟ್ಟರು. ಒಂದು ದಿನ ಇಂಗ್ಲಿಷ್ ಪಿರಿಯಡ್ಡಿನ ಗಂಟೆ ಕೇಳಿ ಪ್ರಸಾದಕ್ಕೆಂದು ಅಂಗೈ ಚಾಚಿಕೊಂಡು ಬಾಗಿಲಿಗೆ ಬಂದರು. ಮಕ್ಕಳನ್ನು ಶಾಲೆಗೆ ಕಳಿಸುತ್ತಿಲ್ಲವೆಂದು ಹೇಳಿದರೆ ಇಡೀ ಅಪಾರ್ಟ್‌ಮೆಂಟಿಗೆ ನಮಗೆ ಉಪದೇಶ ಮಾಡುವ ಅವಕಾಶ ಕೊಟ್ಟಂತಾಗುತ್ತದೆಂದು ಹೆದರಿ ಸುನಂದಾ ಒಂದು ಚಮಚ ಸಕ್ಕರೆ ಹಾಕಿ ಕಳಿಸಿದಳು. ಅಂದಿನಿಂದ ಪ್ರತಿ ಇಂಗ್ಲಿಷ್ ಪಿರಿಯಡ್ಡಿಗೂ ಒಂದು ಚಮಚ ಸಕ್ಕರೆ.

ಹೀಗೆ ಎಲ್ಲ ವಿಷಯಗಳನ್ನೂ ತಾನೇ ಹಂಚಿಕೊಂಡವಳು ಚಿತ್ರಕಲೆಗೆ ಬಂದಾಗ ನನ್ನ ಕಡೆ ತಿರುಗಿದಳು. ಹೆಣ್ಣು ನೋಡಲು ಹೋದಾಗ ನಮ್ಮಪ್ಪ ನನ್ನ ಗುಣಗಾನ ಮಾಡುತ್ತ, ಬೇರೇನೂ ಉಳಿಯದೆ, ಹುಡುಗ ಡ್ರಾಯಿಂಗ್ ಲೋವರ್ ಪರೀಕ್ಷೆ ಪಾಸಾಗಿದ್ದಾನೆ ಎಂದಿದ್ದರು. ನಾನು ಆ ಪರೀಕ್ಷೆಗೆ ಕೂತಿದ್ದು ನಿಜ. ಹೂಜಿ ಬಿಡಿಸಲು ಹೇಳಿದ್ದರು. ನನ್ನ ಹೂಜಿ ಎಷ್ಟು ವಾಲಿತ್ತೆಂದರೆ, ಹಾಳೆಯ ಕೆಳಗೆ ಪಾತ್ರೆ ಹಿಡಿಯಬೇಕಪ್ಪ ಎಂದು ಪರೀಕ್ಷಕರು ಅಂದು ಮುಂದೆ ಹೋದರು. ಪಾಸಾಗಲಿಲ್ಲ. ಮದುವೆಯಾಗಿ ಹತ್ತು ವರ್ಷವಾದ ಮೇಲೆ ಅದನ್ನೆಲ್ಲ ಕೆದಕುವುದು ಬೇಡವೆಂದು ನಾನು ಶಿಕ್ಷಕನ ಹುದ್ದೆ ಒಪ್ಪಿಕೊಂಡೆ.

ಮೊದಲ ಪಾಠ ಪ್ರಕೃತಿ ದೃಶ್ಯ. ನಮ್ಮ ಕಾಲದಲ್ಲಿ ಅದು ಒಂದೇ ಇತ್ತು: ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಂಡೆಯಲ್ಲಿ ಒಂದು ಮನೆ, ಮನೆಗೆ ಆತುಕೊಂಡ ತೆಂಗಿನ ಮರ. ಸಿಂದಗಿ ಸೀಮೆಯ ಬಯಲಿನಲ್ಲಿ ಗುಡ್ಡವಾಗಲಿ ತೆಂಗಾಗಲಿ ನಮ್ಮ ಕಣ್ಣಿಗೆ ಬಿದ್ದದ್ದೇ ಇಲ್ಲ. ಕಣ್ಣೆದುರಿಗಿದ್ದ ಜೋಳದ ಹೊಲವನ್ನು ಬರೆದ ಒಬ್ಬ ಹುಡುಗನಿಗೆ ನಮ್ಮ ಡ್ರಾಯಿಂಗ್ ಮಾಸ್ತರರು, ಇದು ಪ್ರಕೃತಿಯಲ್ಲ, ನಿಮ್ಮ ಕಾಕಾನ ಹೊಲ ಅಂತ ಕಿವಿ ಹಿಂಡಿದ್ದರು. ನಾನು ಆ ತೆಂಗನ್ನೇ ಕಣ್ಣು ಮುಚ್ಚಿ ಬರೆದು ಮಕ್ಕಳ ಮುಂದಿಟ್ಟೆ. ವೀರೇಶ ಅದು ಕೆಟ್ಟುಹೋದ ಟೇಬಲ್ ಫ್ಯಾನು ಅಂದ. ಗಂಗಾ ನನ್ನ ಬೆರಳು ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ, ಹೊರಗೆ ಸಾಲಾಗಿ ನಿಂತಿದ್ದ ನೂರಾರು ತೆಂಗಿನ ಮರಗಳನ್ನು ತೋರಿಸಿದಳು. ಗುರುಗಳಿಗೆ ಬಾಯಿಬಿಟ್ಟು ಹೇಗೆ ಹೇಳುವುದೆಂಬ ಸಂಕೋಚವಿರಬೇಕು.

ನಾನು ಸ್ವಲ್ಪ ಪಳಗುವಷ್ಟರಲ್ಲಿ ತಿರುವನಂತಪುರದ ಕಡೆಗೆ ವರ್ಗವಾಯಿತು, ವಿಳಿಂಜಂ ಹತ್ತಿರದ ಶಾಖೆಗೆ. ಈ ಸಲ ಶಾಲೆಯನ್ನು ಎಬ್ಬಿಸುವುದು ಬೇಡವೆಂದು ಮನೆ ಕೊಚ್ಚಿಯಲ್ಲೇ ಉಳಿಯಿತು. ನಾನು ಬಂದರಿನ ಕ್ರೇನುಗಳು ಕಾಣುವ ಒಂದು ಮಹಡಿ ಕೋಣೆ ಹಿಡಿದೆ. ಶನಿವಾರ ಬರುವುದು, ಭಾನುವಾರ ಹೋಗುವುದು. ಚಿತ್ರಕಲೆಯ ಪಿರಿಯಡ್ ಸಂಜೆ ಆರೂವರೆಗೆ, ಫೋನಿನಲ್ಲಿ.

ಫೋನಿನಲ್ಲಿ ಚಿತ್ರಕಲೆ ಕಲಿಸುವುದು ಹೇಗೆಂದು ನೀವು ಕೇಳಬೇಕು, ಯಾಕೆಂದರೆ ನಾನು ಯಾರನ್ನೂ ಕೇಳಲಿಲ್ಲ. ಫೋನನ್ನು ನೀರಿನ ಬಾಟಲಿಗೆ ಆನಿಸಿಟ್ಟು, ಅದರ ಮುಂದೆ ನಾನೇ ಮಾದರಿಯಾಗಿ ಅಲುಗಾಡದೆ ಕೂತುಬಿಟ್ಟೆ. ನಾನು ಕೂತಿರುವುದೋ, ನೆಟ್‌ವರ್ಕ್ ಹೋಗಿ ಚಿತ್ರ ನಿಂತಿರುವುದೋ ತಿಳಿಯದೆ ಮಕ್ಕಳು ಮತ್ತೆ ಮತ್ತೆ ಕಟ್ ಮಾಡಿ ಕರೆಯುತ್ತಿದ್ದರು. ಬದುಕಿದ್ದೇನೆ ಎಂದು ತೋರಿಸಲು ಎರಡು ನಿಮಿಷಕ್ಕೊಮ್ಮೆ ಹುಬ್ಬು ಎತ್ತಬೇಕೆಂದು ಕೊನೆಗೆ ಒಪ್ಪಂದವಾಯಿತು.

ಬರೆದ ಚಿತ್ರಗಳ ಫೋಟೋ ವಾಟ್ಸ್ಯಾಪಿನಲ್ಲಿ ಬರುತ್ತಿತ್ತು. ನಾನು ಇಪ್ಪತ್ತು ವರ್ಷದಿಂದ ಕಡತಗಳ ಮೇಲೆ ಷರಾ ಬರೆದು ಬದುಕಿದವನು. ಯಾವ ಕಾಗದ ಕಂಡರೂ ಒಂದು ತಪ್ಪು ಹುಡುಕದೆ ದಾಟಿಸುವುದು ನನ್ನ ಕೈಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಹಾಗಾಗಿ ಫೋಟೋದ ಮೇಲೆ ಕೆಂಪು ಗೆರೆ ಎಳೆದು ನಾನು ಹೀಗೆ ಬರೆದು ಕಳಿಸುತ್ತಿದ್ದೆ: ಶಿಕ್ಷಕರ ಮೂಗು ಪ್ರಮಾಣಕ್ಕಿಂತ ದೊಡ್ಡದಿದೆ, ಪರಿಶೀಲಿಸಿ. ಆಕಾಶ ಅಪೂರ್ಣ. ತಿದ್ದಿ ಪುನಃ ಸಲ್ಲಿಸತಕ್ಕದ್ದು. ಸುನಂದಾ ಅದನ್ನು ಗಟ್ಟಿಯಾಗಿ ಓದಿ, ಚಿತ್ರಕ್ಕೆ ನಕಲಿಸಿ, ಫೈಲಿಗೆ ಹಾಕುತ್ತಿದ್ದಳು. ಇಡೀ ಕೇರಳದಲ್ಲಿ ಅಷ್ಟು ಶಿಸ್ತಿನ ಮೂಗಿನ ಫೈಲು ಇನ್ನೊಂದಿರಲಿಕ್ಕಿಲ್ಲ.

ಒಂದು ವಾರ 'ನಮ್ಮ ಮನೆ' ಎಂಬ ವಿಷಯ ಕೊಟ್ಟೆ. ವೀರೇಶ ಫ್ರಿಜ್ಜು ಬರೆದ. ಗಂಗಾ ಅವ್ವನನ್ನು, ಅಣ್ಣನನ್ನು, ತನ್ನನ್ನು ಬರೆದಿದ್ದಳು. ಬಾಗಿಲ ಪಕ್ಕದಲ್ಲಿ ಒಂದು ಚಿಕ್ಕ ಮೇಜು. ಮೇಜಿಗೆ ಎರಡೇ ಕಾಲು, ಮತ್ತು ಆ ಕಾಲುಗಳಿಗೆ ಕಂದು ಬಣ್ಣದ ಚಪ್ಪಲಿ. ನನಗೆ ನಗು ಬಂತು. ಆದರೂ ಷರಾ ಬರೆದೆ: ಮೇಜು ಚಪ್ಪಲಿ ಹಾಕುವುದಿಲ್ಲ. ತಿದ್ದಿ ಪುನಃ ಸಲ್ಲಿಸಿ. ಮರುದಿನ ಬಂದ ಚಿತ್ರದಲ್ಲೂ ಮೇಜು ಚಪ್ಪಲಿ ಹಾಕಿಕೊಂಡೇ ಇತ್ತು. ಮೇಜಿಗೆ ನಾಲ್ಕು ಕಾಲು ಇರತಕ್ಕದ್ದು ಎಂದು ಎರಡನೆಯ ಷರಾ. ಮೂರನೆಯ ಸಲವೂ ಅದೇ ಎರಡು ಕಾಲು, ಅದೇ ಚಪ್ಪಲಿ. ಈ ಸಲ ನಾನು, ವಿದ್ಯಾರ್ಥಿನಿ ಸೂಚನೆ ಪಾಲಿಸುತ್ತಿಲ್ಲ ಎಂದು ಬರೆದೆ. ಅದನ್ನು ಬರೆಯುವಾಗ ನನಗೆ ಏನೇನೂ ಅನ್ನಿಸಲಿಲ್ಲ ಎಂಬುದನ್ನು ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ನಾಲ್ಕನೆಯ ಚಿತ್ರ ಬರಲಿಲ್ಲ. ಪಿರಿಯಡ್ಡಿನಲ್ಲಿ ಗಂಗಾ ಫೋನಿಗೆ ಬೆನ್ನು ಹಾಕಿ ಕೂರತೊಡಗಿದಳು. ಕರೆದರೆ ವೇಂಡ ಅನ್ನುವಳು. ಮಲಯಾಳದಲ್ಲಿ ಬೇಡ ಎಂದು ಅರ್ಥ. ನಮ್ಮ ಮಕ್ಕಳು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮಲಯಾಳದಲ್ಲಿ ಬೇಡ ಅನ್ನುತ್ತಾರೆ. ಕೆಲವು ದಿನಗಳಲ್ಲಿ ಆ ವೇಂಡ ಕೂಡ ನಿಂತಿತು. ಬಣ್ಣದ ಡಬ್ಬಿ ಮುಚ್ಚಿಯೇ ಇತ್ತು.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಸುನಂದಾ ಪಾಲಕರ ಸಭೆ ಕರೆದಳು. ಪ್ರತಿ ತಿಂಗಳೂ ಇದೊಂದು ನಡೆಯುತ್ತದೆ. ಅವಳು ಮೇಜಿನ ಆ ಕಡೆ ಹಾಜರಿ ಪುಸ್ತಕ ತೆರೆದು ಕೂರುವುದು, ನಾನು ಈ ಕಡೆ ಪಾಲಕನಾಗಿ ಕೂರುವುದು. ಚಿತ್ರಕಲೆಯ ವಿಷಯ ಬಂದಾಗ ಎದ್ದು ಆ ಕಡೆ ಹೋಗಿ ಶಿಕ್ಷಕನಾಗಿ ಉತ್ತರ ಹೇಳಿ, ಮತ್ತೆ ಈ ಕಡೆ ಬಂದು ಅದನ್ನು ಕೇಳಿಸಿಕೊಳ್ಳುವುದು. ಆ ದಿನ ಎದ್ದು ಹೋಗಲು ಅವಳು ಬಿಡಲಿಲ್ಲ.

"ಗಂಗಾನ ತಂದಿಯವ್ರ, ಅಲ್ಲೇ ಕೂಡ್ರಿ. ನಿಮ್ಮ ಮಗಳು ಎರಡ ವಾರಾತು, ಬಣ್ಣ ಮುಟ್ಟವಲ್ಲಳು. ಪದ್ಯ ಹೇಳು ಅಂದ್ರ ಹೇಳವಲ್ಲಳು. ಈಗ ಹಾಜರ್ ಅನ್ನೂದೂ ಬಿಟ್ಟಾಳ, ಸುಮ್ನ ಎದ್ದು ನಿಂದರ್ತಾಳ."

ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಅವಳು ಪುಸ್ತಕ ಮುಚ್ಚಿದಳು. ಟೀಚರ್ ಹೋಗಿ ಸುನಂದಾ ಬಂದದ್ದು ಅವಳ ದನಿಯಲ್ಲೇ ಗೊತ್ತಾಯಿತು.

"ವೀರೂನೂ ಹಿಂಗ ಶುರು ಮಾಡಿದ್ದಲ್ರೀ. ಅವಾಗ ಸಾಲಿ ಬಿಡಿಸಿ ಮನಿಗೆ ಕರ್ಕೊಂಡ ಬಂದ್ವಿ. ಮನಿ ಸಾಲ್ಯಾಗೂ ಕೂಸು ಮಾತು ಬಿಟ್ರ, ಇನ್ನ ಎಲ್ಲಿಗೆ ಕಳಸೂಣು?"

ಅವಳು ಎದ್ದು ಚಹಾಕ್ಕೆ ಇಡುತ್ತ, ಬೆನ್ನು ಹಾಕಿಕೊಂಡೇ ಇನ್ನೊಂದು ಮಾತು ಹೇಳಿದಳು. "ಡ್ರಾಯಿಂಗ್ ಲೋವರ್ ಫೇಲಾದವ್ರು ಇಷ್ಟೊಂದ ತಪ್ಪ ತಗೀಬಾರ್ದ್ರಿ." ಅವಳಿಗೆ ಮದುವೆಯ ವಾರದಲ್ಲೇ ನನ್ನ ತಂಗಿ ಹೇಳಿದ್ದಳಂತೆ.

ಆ ಭಾನುವಾರ ವಿಳಿಂಜಂಗೆ ಮರಳುವಾಗ ನಾನು ನಿಜವಾಗಿ ಹೆದರಿದ್ದೆ. ಬ್ಯಾಂಕಿನಲ್ಲಿ ಏನಾದರೂ ತಪ್ಪಿದರೆ ಮೇಲೊಬ್ಬ ಅಧಿಕಾರಿ ಇರುತ್ತಾನೆ. ಈ ಶಾಲೆಯ ಮೇಲೆ ಇನ್ನೊಂದು ಶಾಲೆ ಇರಲಿಲ್ಲ.

ಮರುದಿನ ಪಿರಿಯಡ್ಡಿಗೆ ವೀರೇಶ ಒಬ್ಬನೇ ಬರೆಯುತ್ತಿದ್ದ. ಹಿಂದೆ ಗಂಗಾಳ ಬೆನ್ನು ಮತ್ತು ಎರಡು ಜಡೆ ಕಾಣುತ್ತಿದ್ದವು. ನಾನು ಅದನ್ನೇ ನೋಡುತ್ತ ಹುಬ್ಬು ಎತ್ತುವುದನ್ನೂ ಮರೆತು ಕೂತಿದ್ದೆ. ಆಗ ಮನೆಯ ಮಾಲೀಕ ಲಾಸರ್ ಚೇಟ್ಟನ್, ಅಂದರೆ ಲಾಸರ್ ಅಣ್ಣ, ಮೇಲೆ ಬಂದರು. ಅವರು ನಲವತ್ತು ವರ್ಷ ಕಡಲಿಗೆ ಹೋಗಿ ಈಗ ದೋಣಿ ಮಾರಿ ಮನೆಯಲ್ಲಿರುವವರು. ನನಗೆ ಆಗಾಗ ಮೀನು ಕೊಡಲು ಬಂದು, ನಾನು ತಿನ್ನುವುದಿಲ್ಲವೆಂದು ನೆನಪಾಗಿ ವಾಪಸ್ ಹೋಗುತ್ತಾರೆ. ಬಾಗಿಲಲ್ಲಿ ನಿಂತು ಮೂರು ಸಲ "ಸಾರೇ" ಎಂದರಂತೆ. ನಾನು ಅಲುಗಾಡಲಿಲ್ಲ. ಕಣ್ಣು ತೆರೆದಿದೆ, ಮನುಷ್ಯ ನೆಟ್ಟಗೆ ಕೂತಿದ್ದಾನೆ, ಪ್ರಜ್ಞೆ ಇಲ್ಲ. ಅವರಿಗೆ ಇದು ಮೂರ್ಛೆರೋಗವೆಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಮುಂದಿನದು ನನಗೆ ಗೊತ್ತಾಗುವಷ್ಟರಲ್ಲಿ ಫೋನಿಗೆ ಆಸರೆಯಾಗಿದ್ದ ಬಾಟಲಿಯ ನೀರು ನನ್ನ ತಲೆಯ ಮೇಲಿತ್ತು. ಅವರು ನನ್ನನ್ನು ಹಿಂದಕ್ಕೆ ಮಲಗಿಸಿ, ಎಡಗೈಯಲ್ಲಿ ಗದ್ದ ಹಿಡಿದು, ಬಲಗೈಯಿಂದ ಗೇಟಿನ ದೊಡ್ಡ ಕಬ್ಬಿಣದ ಕೀಲಿಕೈಯನ್ನು ನನ್ನ ಮುಷ್ಟಿಗೆ ತುರುಕಿದರು. ನಾನು ಇದು ಚಿತ್ರಕಲೆ ಎಂದು ಕೂಗಿದೆ. ಮೂರ್ಛೆಯಲ್ಲಿ ಬಡಬಡಿಸುವುದು ಸಹಜವೆಂದು ಅವರು ಇನ್ನೂ ಗಟ್ಟಿಯಾಗಿ ಹಿಡಿದರು. ನೆಲಕ್ಕೆ ಬಿದ್ದ ಫೋನು ಇದೆಲ್ಲವನ್ನೂ ಕೆಳಗಿನಿಂದ, ಅವರ ಕಾಲುಗಳ ಸಮೇತ, ಕೊಚ್ಚಿಗೆ ತೋರಿಸುತ್ತಿತ್ತು. ಆಗ ಫೋನಿನಿಂದ ಒಂದು ನಗು ಕೇಳಿತು. ವೀರೇಶನದಲ್ಲ. ನಾನು ಒದ್ದೆ ತಲೆಯಲ್ಲೇ ಮುಷ್ಟಿಯಲ್ಲಿ ಕೀಲಿಕೈ ಹಿಡಿದುಕೊಂಡು ಕೇಳುತ್ತ ಬಿದ್ದುಕೊಂಡೆ. ಎರಡು ವಾರದ ನಂತರ ನನ್ನ ಮಗಳು ನಗುತ್ತಿದ್ದಳು. ಆ ಕ್ಷಣ ಲಾಸರ್ ಚೇಟ್ಟನ್ ಮೇಲೆ ಒಂದು ಬಕೀಟು ನೀರು ಸುರಿದಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಮರುದಿನ ಅವಳು ಆ ಅಪ್ಪೂಪ್ಪನ್ ಎಲ್ಲಿ ಎಂದು ಕೇಳಿದಳು. ಅಲ್ಲಿ ಅಜ್ಜನಿಗೆ ಹಾಗನ್ನುತ್ತಾರೆ. ವಿಷಯ ತಿಳಿಸಿದ ಮೇಲೆ ಲಾಸರ್ ಚೇಟ್ಟನ್ ಚರ್ಚಿಗೆ ಉಡುವ ಇಸ್ತ್ರಿ ಮಾಡಿದ ಮುಂಡು ಉಟ್ಟು, ಮೀಸೆ ಬಾಚಿಕೊಂಡು ಮಾದರಿಯಾಗಲು ಬಂದರು. ಆದರೆ ಕಡಲಿನ ಮನುಷ್ಯ, ಕೂತಲ್ಲಿ ಕೂರುವವರಲ್ಲ. ಕಿಟಕಿಗೆ ಹೋಗಿ ಕ್ರೇನು ನೋಡುವುದು, ಬಂದು ನಿಲ್ಲುವುದು, ಮತ್ತೆ ಹೋಗುವುದು. ನಡೆಯುತ್ತಿರುವ ಮನುಷ್ಯನನ್ನು ಹೇಗೆ ಬರೆಯುವುದೆಂದು ವೀರೇಶ ಗೊಣಗಿದ. ಗಂಗಾ ಬಣ್ಣದ ಡಬ್ಬಿ ತೆರೆದಳು.

ಶನಿವಾರ ನಾನು ಮನೆಗೆ ಹೋದಾಗ ಆ ಚಿತ್ರ ಫ್ರಿಜ್ಜಿನ ಮೇಲಿತ್ತು. ದೊಡ್ಡ ಮೀಸೆ, ಕೈಯಲ್ಲಿ ಕೀಲಿಕೈ, ಮತ್ತು ಹಾಳೆಯ ಅರ್ಧದಷ್ಟು ಉದ್ದದ ಎರಡು ಕಾಲುಗಳು. ಒಂದೊಂದರಲ್ಲೂ ಐದೈದು ಬೆರಳು, ಬೆರಳಿಗೆ ಉಗುರು. ಪಕ್ಕದಲ್ಲಿ ಒಂದು ಚೌಕದೊಳಗೆ ನಾನಿದ್ದೆ, ಎಂದಿನಂತೆ ಎದೆಯ ತನಕ. ನನಗೆ ನಾಚಿಕೆಯಿಲ್ಲದ ಹೊಟ್ಟೆಕಿಚ್ಚು ಹುಟ್ಟಿತು. ಆದರೆ ಈ ಸಲ ಕೆಂಪು ಪೆನ್ನು ತೆಗೆಯಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಅಪ್ಪೂಪ್ಪನ್‌ಗೆ ಕಾಲು ಇದೆ, ನನಗೆ ಯಾಕಿಲ್ಲ ಎಂದು ಕೇಳಿದೆ.

ಅವಳು ನನ್ನ ಬೆರಳು ಹಿಡಿದು, ಹಿಂದೊಮ್ಮೆ ತೆಂಗಿನ ಮರ ತೋರಿಸಲು ಕರೆದೊಯ್ದಂತೆಯೇ, ಬಾಗಿಲ ಹತ್ತಿರ ಕರೆದೊಯ್ದು ಚಪ್ಪಲಿ ಸ್ಟ್ಯಾಂಡ್ ತೋರಿಸಿದಳು. ಅಲ್ಲಿ ನನ್ನ ಹಳೆಯ ಕಂದು ಚಪ್ಪಲಿಗಳು ಜೋಡಿಯಾಗಿ ನಿಂತಿದ್ದವು.

"ಅಪ್ಪನ ತಲಿ ತಿರುವನಂತಪುರದಾಗ. ಕಾಲು ಇಲ್ಲಿ," ಅಂದಳು. ಪೂರ್ತಿ ಕನ್ನಡದಲ್ಲಿ ಅಂದಳು. ನಂತರ ಮೆಲ್ಲಗೆ, "ನೀನ ಅದು ಮೇಜು ಅಂದಿ."

ನಾನು ಫೈಲು ತರಿಸಿ ಆ ಮೂರು ಚಿತ್ರಗಳನ್ನು ತೆಗೆದು ನೋಡಿದೆ. ಅವ್ವ, ಅಣ್ಣ, ಗಂಗಾ, ಬಾಗಿಲ ಪಕ್ಕದಲ್ಲಿ ನಾನು. ಪಾದದಿಂದ ಸೊಂಟದ ತನಕ ಮನೆಯಲ್ಲೇ ಇದ್ದೆ. ಮೂರು ಸಲ ಅವಳು ನನ್ನನ್ನು ಮನೆಯೊಳಗೆ ನಿಲ್ಲಿಸಿದ್ದಳು, ಮೂರು ಸಲವೂ ನಾನು ತಿದ್ದಿ ಪುನಃ ಸಲ್ಲಿಸು ಅಂದಿದ್ದೆ. ಅಷ್ಟು ದೊಡ್ಡವನು, ಊಟದ ಮೇಜಿನ ಮುಂದೆ ಕೂತು ಅತ್ತುಬಿಟ್ಟೆ. ವೀರೇಶ ಗಾಬರಿಯಾಗಿ ಗೇಟಿನ ಕೀಲಿಕೈ ತರಲೇ ಎಂದು ಕೇಳಿದ.

ಕಣ್ಣೊರೆಸಿಕೊಂಡು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದೆ. ಮೂರೂ ಚಿತ್ರಗಳ ಕೆಳಗೆ ಷರಾ ಬರೆದೆ: ಮೇಲಿನ ಷರಾ ರದ್ದು. ಇದು ಮೇಜಲ್ಲ, ಶಿಕ್ಷಕರ ಕಾಲು. ವಿದ್ಯಾರ್ಥಿನಿ ಸರಿ, ಶಿಕ್ಷಕರು ತಪ್ಪು. ಕೆಳಗೆ ಸಹಿ, ದಿನಾಂಕ. ಮುಖ್ಯೋಪಾಧ್ಯಾಯಿನಿ ಓದಿ, ತಾನೂ ಸಹಿ ಹಾಕಿ, ಎದ್ದು ಹೋಗಿ ಗಂಟೆ ಬಾರಿಸಿದಳು. ಗಂಗಾ ಕೈ ಮುಗಿದಳು. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು, ಓಮನ ಚೇಚ್ಚಿ ಸಕ್ಕರೆಗೆ ಬಂದರು. ಆ ದಿನ ಸುನಂದಾ ಎರಡು ಚಮಚ ಹಾಕಿದಳು.

ಭಾನುವಾರ ಮಧ್ಯಾಹ್ನ ಹೊರಡಲು ನಾನು ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದೆ. ಗಂಗಾ ಎದುರಿಗೆ ನಿಂತು ನನ್ನ ಪಾದಗಳನ್ನೂ ಚಪ್ಪಲಿಗಳನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ಲೆಕ್ಕ ತಪ್ಪುತ್ತಿತ್ತು. ಅವಳ ಮುಖಕ್ಕೆ ಮೋಡ ಕವಿಯತೊಡಗಿತು. ಆರು ದಿನದ ಮಟ್ಟಿಗೆ ಅಪ್ಪನಲ್ಲಿ ಅವಳಿಗೆ ಉಳಿಯುವುದು ಅದಿಷ್ಟೇ, ಅದನ್ನೂ ನಾನು ಬೂಟಿನಲ್ಲಿ ತುಂಬಿಕೊಂಡು ಒಯ್ಯುತ್ತಿದ್ದೆ.

"ಇವು ನನ್ನ ಕಾಲಲ್ಲವ್ವಾ," ಅಂದೆ. "ಬ್ಯಾಂಕಿನವು. ನನ್ನವು ಇಲ್ಲೇ ಇರ್ತಾವು."

ಅವಳು ಬಗ್ಗಿ ಬೂಟನ್ನು ಒತ್ತಿ ನೋಡಿದಳು. ಒಪ್ಪಿಗೆಯಾಯಿತು. ಚಪ್ಪಲಿಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಜೋಡಿಸಿಟ್ಟು, ಆಡಲು ಓಡಿಹೋದಳು.

ಆಲುವದಲ್ಲಿ ರೈಲು ಹತ್ತಿ, ಕಿಟಕಿಯ ಪಕ್ಕ ಕೂತು, ಕಾಲು ಚಾಚಿ ಕಣ್ಣು ಮುಚ್ಚಿದ್ದೆ. ಎದುರು ಸೀಟಿಗೆ ಬಂದ ಹಿರಿಯರೊಬ್ಬರು ಕಾಲು ಸ್ವಲ್ಪ ತೆಗೆಯುತ್ತೀರಾ ಎಂದು ಮಲಯಾಳದಲ್ಲಿ ಮರ್ಯಾದೆಯಿಂದ ಕೇಳಿದರು. ನನ್ನ ಕಾಲು ಕಾಕ್ಕನಾಡಿನಲ್ಲಿವೆ ಎಂಬ ಮಾತು ತುಟಿಯ ತನಕ ಬಂದಿತ್ತು. ಬ್ಯಾಂಕಿನ ಕಾಲುಗಳನ್ನು ಮಡಚಿಕೊಂಡು ಅವರಿಗೆ ಜಾಗ ಮಾಡಿಕೊಟ್ಟೆ.